ಚಿಕ್ಕ ಮಕ್ಕಳ ಜೊತೆ ಶ್ರೀಲಂಕಾಕ್ಕೆ: ಹೊರಡುವ ಮುಂಚೆ ಒಂದಿಷ್ಟು ಮಾತು

ಚಿಕ್ಕ ಮಕ್ಕಳನ್ನು ಕರೆದುಕೊಂಡು ಮೊದಲ ಸಲ ದೇಶದ ಹೊರಗೆ ಹೋಗುವವರು ಎಲ್ಲಿಗೆ ಹೋಗೋಣ ಅಂತ ಕೇಳಿದರೆ ನಾನು ಶ್ರೀಲಂಕಾದ ಹೆಸರೇ ಹೇಳುತ್ತೇನೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ ಆಸುಪಾಸು. ಅಲ್ಲಿನ ಗಡಿಯಾರವೂ ನಮ್ಮದೂ ಒಂದೇ. ಹಾಗಾಗಿ ಮಗು ಇಲ್ಲಿ ಮಲಗುವ ಹೊತ್ತಿಗೇ ಅಲ್ಲೂ ಮಲಗುತ್ತದೆ. ದೂರದ ದೇಶಕ್ಕೆ ಹೋದಾಗ ನಡುರಾತ್ರಿ ಎದ್ದು ಆಟಕ್ಕೆ ಕೂರುವ ಕಾಟ ಇಲ್ಲ. ಅನ್ನ, ತೆಂಗು, ಬಾಳೆಹಣ್ಣು ಎಲ್ಲ ಊರಲ್ಲೂ ಸಿಗುತ್ತದೆ. ಆದರೆ ಅದು ಸೆಕೆಯ ದೇಶ. ಕಡಲು ಇದೆ, ಸೊಳ್ಳೆ ಇದೆ, ಜೋರು ಮಳೆ ಇದೆ. ಅದಕ್ಕೇ ಹೇಳುತ್ತೇನೆ, ಪ್ರವಾಸದ ಲೆಕ್ಕ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಮಗುವಿನಿಂದ ಶುರುವಾಗಬೇಕು. ಆ ಮಗು ಯಾವಾಗ ಮಲಗುತ್ತದೆ, ಏನು ತಿನ್ನುತ್ತದೆ, ಕಾರಿನಲ್ಲಿ ಎಷ್ಟು ಹೊತ್ತು ಕೂರುತ್ತದೆ, ಇದು ಮೊದಲು. ಯಾವ ಜಾಗ ನೋಡಬೇಕು ಅನ್ನುವುದು ಆಮೇಲೆ.

ಮೊದಲು ತಿಂಗಳು ನೋಡಿ. ನಮ್ಮಲ್ಲಿ ಬಹಳ ಜನ ಟಿಕೆಟ್ ಅಗ್ಗ ಸಿಕ್ಕಿತು ಅಂತ ತೆಗೆದುಬಿಡುತ್ತಾರೆ, ಮಳೆಯ ಬಗ್ಗೆ ಆಮೇಲೆ ವಿಚಾರಿಸುತ್ತಾರೆ. ಶ್ರೀಲಂಕಾ ಚಿಕ್ಕ ದ್ವೀಪವಾದರೂ ಅಲ್ಲಿ ಮಳೆಗಾಲ ಎರಡು. ಮೇ ಕೊನೆಯಿಂದ ಸೆಪ್ಟೆಂಬರ್ ತನಕ ನೈರುತ್ಯ ಮುಂಗಾರು. ಆಗ ಕೊಲಂಬೊ, ಬೆಂಟೋಟ, ಗಾಲೆ, ಮಿರಿಸ್ಸ ಇರುವ ಪಶ್ಚಿಮ ಮತ್ತು ದಕ್ಷಿಣ ಕಡೆ ಮಳೆ, ಕಡಲೂ ಒರಟು. ಡಿಸೆಂಬರ್‌ನಿಂದ ಫೆಬ್ರವರಿ ತನಕ ಈಶಾನ್ಯ ಮಾರುತ. ಆಗ ಪೂರ್ವ ಕಡೆ, ಅಂದರೆ ಟ್ರಿಂಕೋಮಲಿ, ಬ್ಯಾಟಿಕಲೋವ ಕಡೆ ಮಳೆ. ಒಂದು ಕಡಲು ಕೆಟ್ಟಿರುವಾಗ ಇನ್ನೊಂದು ಚೆನ್ನಾಗಿರುತ್ತದೆ ಅಂತಲೇ ಇಟ್ಟುಕೊಳ್ಳಿ. ಮಕ್ಕಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ರಜೆ ಇದ್ದರೆ ಪೂರ್ವಕ್ಕೆ ಹೋಗಿ. ಕ್ರಿಸ್‌ಮಸ್ ರಜೆಯಾದರೆ ದಕ್ಷಿಣಕ್ಕೆ ಹೋಗಿ. ದಸರಾ ರಜೆ ಬರುವ ಅಕ್ಟೋಬರ್‌ನಲ್ಲಿ ಎಲ್ಲ ಕಡೆಯೂ ಮಧ್ಯಾಹ್ನದ ಮೇಲೆ ಗುಡುಗು ಮಳೆ ಜಾಸ್ತಿ. ಹೋಗಲೇಬಾರದು ಅಂತಲ್ಲ, ಹೊರಗಿನ ಕೆಲಸವೆಲ್ಲ ಮಧ್ಯಾಹ್ನದ ಒಳಗೆ ಮುಗಿಸಿಕೊಳ್ಳಬೇಕು ಅಷ್ಟೇ.

ಏಪ್ರಿಲ್‌ನಲ್ಲಿ ಹೋಗುವವರಿಗೆ ಇನ್ನೊಂದು ಮಾತು. 13, 14ರ ಸುಮಾರಿಗೆ ಸಿಂಹಳ ಮತ್ತು ತಮಿಳು ಹೊಸ ವರ್ಷ. ಎಲ್ಲರೂ ಊರಿಗೆ ಹೋಗಿರುತ್ತಾರೆ. ಅಂಗಡಿ, ಚಿಕ್ಕ ಹೋಟೆಲ್ ಬಾಗಿಲು ಹಾಕಿರುತ್ತವೆ, ಡ್ರೈವರ್ ಸಿಗುವುದು ಕಷ್ಟ. ಆ ಹೊತ್ತಿಗೆ ಬೆಟ್ಟದ ಮೇಲಿನ ನುವಾರ ಎಲಿಯ ಊರಿನ ತುಂಬ ಜನ. ಹಾಲಿನ ಪೌಡರ್, ಡೈಪರ್ ಬೇಕಾದ ಮನೆಯವರು ಆ ವಾರ ಬಿಟ್ಟು ಹೊರಡುವುದು ಒಳ್ಳೆಯದು. ಹುಣ್ಣಿಮೆ ದಿನವೂ ಅಲ್ಲಿ ಸಾರ್ವಜನಿಕ ರಜೆ, ಪೋಯ ಅನ್ನುತ್ತಾರೆ. ಮೇ ತಿಂಗಳ ಹುಣ್ಣಿಮೆಗೆ ವೆಸಾಕ್ ಹಬ್ಬ. ಬೀದಿ ತುಂಬ ಬಣ್ಣದ ಕಾಗದದ ಗೂಡುದೀಪ ಕಟ್ಟುತ್ತಾರೆ, ದಾರಿಹೋಕರಿಗೆಲ್ಲ ಪುಕ್ಕಟೆ ಊಟ ಹಾಕುತ್ತಾರೆ. ಅದೊಂದು ಜನಜಂಗುಳಿಯನ್ನು ಮಾತ್ರ ಮಕ್ಕಳಿಗೆ ತೋರಿಸಬಹುದು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಸಂಜೆ ಬೇಗ ಹೋಗಿ ಬೇಗ ಬಂದರೆ.

ಇನ್ನು ಎಷ್ಟು ಊರು ಅನ್ನುವ ಪ್ರಶ್ನೆ. ಟೂರ್ ಏಜೆಂಟ್ ಕೊಡುವ ಪಟ್ಟಿಯಲ್ಲಿ ಏಳು ದಿನಕ್ಕೆ ಆರು ಊರು ಇರುತ್ತದೆ. ಅದನ್ನು ಒಪ್ಪಬೇಡಿ. ನಕಾಶೆಯಲ್ಲಿ ಹತ್ತಿರ ಕಾಣುತ್ತದೆ, ರಸ್ತೆಯಲ್ಲಿ ಹಾಗಲ್ಲ. ಕೊಲಂಬೊದಿಂದ ಕ್ಯಾಂಡಿ ಸುಮಾರು 115 ಕಿಲೋಮೀಟರ್, ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಕ್ಯಾಂಡಿ ದಾಟಿದ ಮೇಲೆ ಬರೀ ತಿರುವು, ಮಕ್ಕಳು ವಾಂತಿ ಮಾಡುತ್ತಾರೆ. ಒಂದು ವಾರಕ್ಕೆ ಎರಡೇ ಊರು ಸಾಕು, ಜೊತೆಗೆ ವಿಮಾನ ನಿಲ್ದಾಣದ ಹತ್ತಿರ ಒಂದು ರಾತ್ರಿ. ವಿಮಾನ ನಿಲ್ದಾಣ ಇರುವುದು ಕಟುನಾಯಕದಲ್ಲಿ, ಕೊಲಂಬೊ ನಗರದ ಒಳಗಲ್ಲ. ಪಕ್ಕದ ನೆಗೊಂಬೊದಲ್ಲಿ ಉಳಿದರೆ ಬಂದ ದಿನವೇ ಮಗು ನಿದ್ದೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಮೇ ತಿಂಗಳಾದರೆ ಅಲ್ಲಿಂದ ಹಳೆಯ ಬಂಡೆಕೋಟೆ ಇರುವ ಸಿಗಿರಿಯ ಅಥವಾ ಅದರ ಹತ್ತಿರದ ಹಬರಾಣದಲ್ಲಿ ಮೂರು ರಾತ್ರಿ, ಆಮೇಲೆ ಪೂರ್ವ ಕರಾವಳಿಯ ಪಾಸಿಕುಡಾ ಅಥವಾ ಟ್ರಿಂಕೋಮಲಿ ಹತ್ತಿರದ ನಿಲಾವೆಲಿಯಲ್ಲಿ ಮೂರು ರಾತ್ರಿ. ಡಿಸೆಂಬರ್‌ನಲ್ಲಾದರೆ ಎಕ್ಸ್‌ಪ್ರೆಸ್‌ವೇ ಹಿಡಿದು ದಕ್ಷಿಣಕ್ಕೆ ಇಳಿಯಿರಿ. ಬೆಂಟೋಟ ಅಥವಾ ಉನವತುನದಲ್ಲಿ ಗೂಡು ಮಾಡಿಕೊಂಡು, ಅಲ್ಲಿಂದಲೇ ಗಾಲೆ ಕೋಟೆ ನೋಡಿ ಬನ್ನಿ. ಕೋಟೆ ಗೋಡೆಯ ಮೇಲೆ ಸಂಜೆ ನಡೆಯುವುದು ಚೆಂದ, ಆದರೆ ಎಷ್ಟೋ ಕಡೆ ಅಂಚಿಗೆ ತಡೆ ಇಲ್ಲ. ಮಗುವಿನ ಕೈ ಬಿಡಬೇಡಿ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ದೇಶದಲ್ಲಿ ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ, ದೊಡ್ಡವರಂತೆ ಹತ್ತು ವರ್ಷ ಅಲ್ಲ. ಮುಗಿಯಲು ಆರು ತಿಂಗಳಾದರೂ ಇರಬೇಕು. ಶ್ರೀಲಂಕಾಕ್ಕೆ ಮುಂಚಿತವಾಗಿ ಆನ್‌ಲೈನ್ ಅನುಮತಿ ಪಡೆಯಬೇಕು, ಇಟಿಎ ಅನ್ನುತ್ತಾರೆ, ಮಗುವಿಗೂ ಬೇರೆಯಾಗಿ. ಅದರ ನಿಯಮ, ಶುಲ್ಕ ಆಗಾಗ ಬದಲಾಗುತ್ತದೆ, ಸರ್ಕಾರದ ತಾಣದಲ್ಲೇ ನೋಡಿ. ಹೆಸರು ಒಂದೇ ಥರ ಇರುವ ದಲ್ಲಾಳಿ ತಾಣಗಳು ಸುಮ್ನೆ ದುಡ್ಡು ಕೀಳುತ್ತವೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರೇ ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಗಿರಲಿ. ಮಕ್ಕಳ ಡಾಕ್ಟರನ್ನು ಹೊರಡುವ ಹಿಂದಿನ ದಿನ ಅಲ್ಲ, ಒಂದು ತಿಂಗಳು ಮುಂಚೆ ನೋಡಿ. ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆ ಆಗಿದೆಯಾ ಅಂತ ಕೇಳಿ.

ವಿಮಾನ ಇಳಿಯುವಾಗ ಮಕ್ಕಳು ಕಿವಿ ಹಿಡಿದುಕೊಂಡು ಅಳುತ್ತಾರೆ. ಇಳಿಯಲು ಶುರು ಮಾಡಿದ ಕೂಡಲೇ ಕೂಸಿಗೆ ಎದೆಹಾಲು ಕೊಡಿ, ಸ್ವಲ್ಪ ದೊಡ್ಡದಕ್ಕೆ ನೀರು ಕುಡಿಸಿ. ನುಂಗುತ್ತಾ ಇದ್ದರೆ ಕಿವಿ ಬಿಡುತ್ತದೆ. ಹತ್ತುವಾಗಲೇ ಹೊಟ್ಟೆ ತುಂಬಿಸಿಬಿಟ್ಟರೆ ಇಳಿಯುವಾಗ ಕುಡಿಯುವುದಿಲ್ಲ, ಅದನ್ನು ನೆನಪಿಡಿ.

ರೂಮು ಹಿಡಿಯುವಾಗ ಫೋಟೋದಲ್ಲಿ ಕಾಣುವ ಸೊಬಗಿಗಿಂತ ನಾಲ್ಕು ಮಾತು ವಿಚಾರಿಸಿ. ಕಿಟಕಿಗೆ ಜಾಲರಿ ಇದೆಯಾ, ಹಾಸಿಗೆಗೆ ಸೊಳ್ಳೆ ಪರದೆ ಇದೆಯಾ? ಬಾಲ್ಕನಿ ಕಂಬಿಗಳ ಸಂದಿಯಲ್ಲಿ ಮಗು ತೂರುತ್ತದೆಯಾ? ಈಜುಕೊಳಕ್ಕೆ ಬೇಲಿ ಇದೆಯಾ? ನನ್ನ ಕೇಳಿದರೆ ನೆಲಮಹಡಿ ರೂಮು, ಕೊಳದಿಂದ ದೂರ. ಬಿಸಿನೀರಿನ ಕೆಟಲ್ ಇರುವುದೂ ಮುಖ್ಯ. ಅಲ್ಲಿ ಕೆಲವು ಕಡೆ ನಮ್ಮ ದುಂಡು ಪಿನ್ ಹಿಡಿಸುವ ಪ್ಲಗ್ಗು, ಕೆಲವು ಕಡೆ ಚೌಕ ಪಿನ್ನಿನದು. ಒಂದು ಅಡಾಪ್ಟರ್ ಹಾಕಿಕೊಳ್ಳಿ.

ಊಟದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಮಗು ತಿಂದರೆ ಮನೆಯವರೆಲ್ಲರ ಪ್ರವಾಸ ಸುಖವಾಗುತ್ತದೆ. ಅಲ್ಲಿನ ಅಡುಗೆಗೆ ಖಾರ ಬಹಳ. ಆದರೆ ಮಕ್ಕಳಿಗೆ ಒಗ್ಗುವುದೂ ಬೇಕಾದಷ್ಟಿದೆ. ಬೆಳಗಿನ ತಿಂಡಿಗೆ ಇಂಡಿಯಾಪ್ಪ ಸಿಗುತ್ತದೆ, ಅದು ನಮ್ಮ ಒತ್ತು ಶಾವಿಗೆಯೇ. ತೆಂಗಿನ ಹಾಲಿನಲ್ಲಿ ಬೇಯಿಸಿದ ಕಿರಿಬತ್ ಅನ್ನುವ ಮೆತ್ತನೆ ಅನ್ನ, ಅಪ್ಪ ಅನ್ನುವ ಅಕ್ಕಿ ದೋಸೆಯಂಥ ತಿಂಡಿ, ತೆಂಗಿನ ಹಾಲು ಹಾಕಿದ ಪರಿಪ್ಪು, ಅಂದರೆ ತೊವ್ವೆ, ಇವು ಯಾವ ಮಗುವಿಗೂ ಹಿಡಿಸುತ್ತವೆ. ಎಮ್ಮೆ ಹಾಲಿನ ಗಟ್ಟಿ ಮೊಸರನ್ನು ಮಣ್ಣಿನ ಕುಡಿಕೆಯಲ್ಲಿ ಮಾರುತ್ತಾರೆ. ಅದರ ಮೇಲೆ ಬಗನಿ ಮರದ ಜೋನಿ ಬೆಲ್ಲ ಸುರಿದು ಕೊಡುತ್ತಾರೆ. ನಮ್ಮ ಮಲೆನಾಡಿನವರಿಗೆ ಆ ರುಚಿ ತಕ್ಷಣ ಗುರುತು ಸಿಗುತ್ತದೆ. ತಂಬಿಲಿ ಅಂದರೆ ಕಿತ್ತಳೆ ಬಣ್ಣದ ಎಳನೀರು, ನಮ್ಮ ಗೆಂದಾಳಿಯ ಜಾತಿ. ಬಾಯಾರಿದಾಗ ಅದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ. ಕಣ್ಣೆದುರೇ ಕೆತ್ತಿಸಿ ಕುಡಿಸಿ.

ಸಸ್ಯಾಹಾರಿಗಳು ಮಾತ್ರ ಒಂದು ವಿಷಯ ತಿಳಿದಿರಲೇಬೇಕು. ಉಂಬಲಕಡ ಅನ್ನುವ ಒಣಮೀನಿನ ಪುಡಿಯನ್ನು ಅಲ್ಲಿ ತೆಂಗಿನಕಾಯಿ ಚಟ್ನಿಯಂಥ ಪೊಲ್ ಸಂಬೋಲಕ್ಕೂ ಹಾಕುತ್ತಾರೆ, ಎಷ್ಟೋ ತರಕಾರಿ ಪಲ್ಯಕ್ಕೂ ಹಾಕುತ್ತಾರೆ. ನೋಡಿದರೆ ಗೊತ್ತೇ ಆಗುವುದಿಲ್ಲ. ಬರೀ ವೆಜ್ ಅಂದರೆ ಸಾಲದು, ಉಂಬಲಕಡ ಬೇಡ ಅಂತ ಹೆಸರು ಹೇಳಿಯೇ ಕೇಳಿ. ಪೂರ್ವ ಕರಾವಳಿಯಲ್ಲಿ ತಮಿಳು ಮಾತಾಡುವ ಜನ ಜಾಸ್ತಿ, ಸ್ವಲ್ಪ ತಮಿಳು ಬರುವವರಿಗೆ ಅಲ್ಲಿ ಈ ಕೆಲಸ ಸುಲಭ.

ಮನೆಯಿಂದ ರಾಗಿ ಹುರಿಹಿಟ್ಟು, ಅವಲಕ್ಕಿ ಪುಡಿ, ಚಟ್ನಿಪುಡಿ ಚಿಕ್ಕ ಪೊಟ್ಟಣ ಮಾಡಿ ಇಟ್ಟುಕೊಳ್ಳಿ. ಮಗು ಏನೂ ಮುಟ್ಟದ ದಿನ ಕೆಟಲ್ ನೀರಿನಲ್ಲಿ ರಾಗಿ ಕಲಸಿದರೆ ಹೊಟ್ಟೆ ತಣ್ಣಗಾಗುತ್ತದೆ. ಕುಡಿಯಲು ಸೀಲ್ ಇರುವ ಬಾಟಲಿ ನೀರು ಅಥವಾ ಕಾಯಿಸಿದ ನೀರು ಮಾತ್ರ. ಹಲ್ಲುಜ್ಜಲೂ ಅದೇ. ಬೀದಿಯ ಐಸು ಬೇಡ. ಸಿಪ್ಪೆ ಸುಲಿಯುವ ಹಣ್ಣೇ ಕೊಡಿ. ಆರು ತಿಂಗಳ ಒಳಗಿನ ಕೂಸಿಗೆ ಎಷ್ಟೇ ಸೆಕೆ ಇದ್ದರೂ ನೀರು ಕುಡಿಸಬೇಡಿ, ಎದೆಹಾಲನ್ನೇ ಮತ್ತೆ ಮತ್ತೆ ಕೊಡಿ. ಅದರ ಬದಲು ತಾಯಿ ಜಾಸ್ತಿ ನೀರು ಕುಡಿಯಬೇಕು.

ಭೇದಿ ಶುರುವಾದರೆ ಓಆರ್‌ಎಸ್ ಪುಡಿ ಬೇಕು, ಊರಿಂದಲೇ ಒಯ್ಯಿರಿ. ಡಬ್ಲ್ಯೂಎಚ್‌ಒ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಅಂತ ಬರೆದಿರುವುದೇ ಆಗಬೇಕು. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ, ಕಡಿಮೆ ಹಾಕಿದರೆ ಉಪ್ಪು ಜಾಸ್ತಿಯಾಗುತ್ತದೆ. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ. ಮಗು ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಅಳುವಾಗ ಕಣ್ಣೀರು ಬರದಿದ್ದರೆ, ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಅಲ್ಲಿ 1990ಕ್ಕೆ ಫೋನ್ ಮಾಡಿದರೆ ಸುವ ಸೆರಿಯ ಆಂಬುಲೆನ್ಸ್ ಬರುತ್ತದೆ, ದುಡ್ಡಿಲ್ಲ. ನಮ್ಮ ಸರ್ಕಾರದ ನೆರವಿನಿಂದ 2016ರಲ್ಲಿ ಶುರುವಾದ ಸೇವೆ ಅದು. ಆ ನಂಬರನ್ನು ಮನೆಯ ಎಲ್ಲ ಫೋನಿನಲ್ಲೂ ಹಾಕಿಡಿ.

ಬಿಸಿಲಿನ ಬಗ್ಗೆ ನನ್ನದು ಒಂದೇ ಹಟ. ಹನ್ನೊಂದರಿಂದ ಮೂರು ಗಂಟೆ ತನಕ ಮಕ್ಕಳು ನೆರಳಲ್ಲಿರಬೇಕು. ಊಟ, ನಿದ್ದೆ, ಕಥೆ ಆ ಹೊತ್ತಿಗೆ. ಬೆಳಗ್ಗೆ ಬೇಗ ಒಂದು ಜಾಗ, ಸಂಜೆ ಕಡಲು ಅಥವಾ ಕೊಳ, ದಿನಕ್ಕೆ ಅಷ್ಟು ಸಾಕು. ತೆಳು ಹತ್ತಿಯ ತೋಳುದ್ದದ ಬಟ್ಟೆ ಹಾಕಿ, ಬೆವರುಸಾಲೆಯೂ ಬರುವುದಿಲ್ಲ, ಸೊಳ್ಳೆಯಿಂದಲೂ ರಕ್ಷಣೆ. ಆರು ತಿಂಗಳ ಒಳಗಿನ ಕೂಸಿಗೆ ಸನ್‌ಸ್ಕ್ರೀನ್ ಹಚ್ಚುವುದಲ್ಲ, ನೆರಳೇ ಔಷಧಿ. ಬೆಟ್ಟದ ಮೇಲೆ ಹೋಗುವವರು ಸ್ವೆಟರ್ ಮರೆಯಬೇಡಿ. ನುವಾರ ಎಲಿಯ 1,800 ಮೀಟರಿಗಿಂತ ಎತ್ತರದಲ್ಲಿದೆ, ರಾತ್ರಿ ನಿಜಕ್ಕೂ ಚಳಿ.

ಶ್ರೀಲಂಕಾದಲ್ಲಿ ಮಲೇರಿಯಾ ಇಲ್ಲ, 2016ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹಾಗೆ ಘೋಷಿಸಿದೆ. ಆದರೆ ಡೆಂಗ್ಯೂ ಇದೆ, ಮಳೆ ಬಂದ ಮೇಲೆ ಜಾಸ್ತಿ. ಆ ಸೊಳ್ಳೆ ಕಚ್ಚುವುದು ಹಗಲಲ್ಲಿ. ಹಾಗಾಗಿ ಮಧ್ಯಾಹ್ನ ಮಲಗಿಸುವಾಗಲೂ ಪರದೆ ಬಿಡಿ. ಎರಡು ತಿಂಗಳ ಒಳಗಿನ ಕೂಸಿಗೆ ಪರದೆ ಮಾತ್ರ, ಯಾವ ಕ್ರೀಮೂ ಬೇಡ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಡೀಟ್ ಅಥವಾ ಪಿಕಾರಿಡಿನ್ ಅನ್ನುವ, ಸೊಳ್ಳೆ ಓಡಿಸುವ ಔಷಧಿ ಇರುವ ಕ್ರೀಮನ್ನು ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಹಚ್ಚಿ. ಅಂಗೈಗೆ, ಬೆರಳಿಗೆ ಹಚ್ಚಬೇಡಿ, ಬಾಯಿಗೆ ಹೋಗುತ್ತದೆ. ಮೊದಲು ಸನ್‌ಸ್ಕ್ರೀನ್, ಅದರ ಮೇಲೆ ಸೊಳ್ಳೆಯದು.

ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ, ಮಗುವಿನ ತೂಕಕ್ಕೆ ಎಷ್ಟು ಅಂತ ಹೊರಡುವ ಮುಂಚೆಯೇ ಡಾಕ್ಟರ ಹತ್ತಿರ ಬರೆಸಿಕೊಂಡು ಬಾಟಲಿಗೆ ಅಂಟಿಸಿ. ನಮ್ಮ ಔಷಧಿ ಅಂಗಡಿಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಸೇರಿಸಿದ ಸಿರಪ್ ಬಹಳ ಮಾರಾಟವಾಗುತ್ತದೆ. ಜ್ವರ ಬೇಗ ಇಳಿಯುತ್ತದೆ ಅಂತ ಮನೆಯಲ್ಲಿ ಇಟ್ಟಿರುತ್ತೀರಿ. ಅದನ್ನು ಈ ಪ್ರವಾಸಕ್ಕೆ ಒಯ್ಯಬೇಡಿ. ಡೆಂಗ್ಯೂ ಆಗಿದ್ದರೆ ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ.

ಕಡಲಿಗೆ ಬಂದರೆ, ಪಾಸಿಕುಡಾದಂಥ ಜಾಗ ಮಕ್ಕಳಿಗೆ ಸಿಗುವುದು ಅಪರೂಪ. ನೀರು ಬಹಳ ದೂರದ ತನಕ ಆಳವಿಲ್ಲ, ಅಲೆಯೂ ಕಡಿಮೆ. ದಕ್ಷಿಣದ ಉನವತುನದಲ್ಲಿ ಬಂಡೆಯ ಸಾಲು ಅಲೆಯನ್ನು ತಡೆಯುತ್ತದೆ. ಮಿಕ್ಕ ಎಷ್ಟೋ ತೀರಗಳಲ್ಲಿ ಒಳಸೆಳೆತ ಇದೆ. ಕೆಂಪು ಬಾವುಟ ಇದ್ದರೆ ಪಾದ ನೆನೆಸುವುದೂ ಬೇಡ. ನೀರಿನ ಹತ್ತಿರ ಮಗುವನ್ನು ನೋಡಿಕೊಳ್ಳುವ ಜವಾಬ್ದಾರಿ ಒಬ್ಬರ ಹೆಸರಿಗೆ ಇರಬೇಕು, ಗಂಟೆಗೊಮ್ಮೆ ಬದಲಾಯಿಸಿಕೊಳ್ಳಿ. ಎಲ್ಲರೂ ಇದ್ದಾರಲ್ಲ ಅಂದುಕೊಂಡಾಗಲೇ ಯಾರೂ ನೋಡುತ್ತಿರುವುದಿಲ್ಲ.

ಸಿಗಿರಿಯ ಬಂಡೆಗೆ ಸುಮಾರು 1,200 ಮೆಟ್ಟಿಲು. ಐದು ವರ್ಷದ ಒಳಗಿನ ಮಗುವನ್ನು ಹೊತ್ತು ಹತ್ತುವ ಸಾಹಸ ಬೇಡ. ಕೆಳಗಿನ ಹಳೆಯ ತೋಟ, ನೀರಿನ ಕೊಳಗಳೇ ಮಕ್ಕಳಿಗೆ ಸಾಕು. ಒಬ್ಬರು ಹತ್ತಿ ಬರಲಿ, ಇನ್ನೊಬ್ಬರು ಕೆಳಗಿರಲಿ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಪಾಸ್‌ಪೋರ್ಟ್ ತೋರಿಸಿದರೆ ನಮ್ಮಂಥ ಸಾರ್ಕ್, ಅಂದರೆ ದಕ್ಷಿಣ ಏಷ್ಯಾ ಕೂಟದ ದೇಶದವರಿಗೆ ಟಿಕೆಟ್ ಕಡಿಮೆ ಬೆಲೆಗೆ ಸಿಗುತ್ತದೆ. ದಂಬುಲ್ಲದ ಗುಹೆ ದೇವಾಲಯದಲ್ಲಿ ಚಪ್ಪಲಿ ಬಿಡಬೇಕು, ಬಂಡೆ ಕಾದಿರುತ್ತದೆ, ಮಕ್ಕಳಿಗೆ ದಪ್ಪ ಕಾಲುಚೀಲ ಹಾಕಿ. ಭುಜ, ಮೊಣಕಾಲು ಮುಚ್ಚಿರಬೇಕು. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುವುದನ್ನು ಅಲ್ಲಿನ ಜನ ಸಹಿಸುವುದಿಲ್ಲ, ಮಕ್ಕಳಿಗೆ ಮುಂಚೆಯೇ ಹೇಳಿಕೊಡಿ.

ಈ ಎರಡೂ ಕಡೆ ಕೋತಿ ಜಾಸ್ತಿ. ಕೈಯಲ್ಲಿ ತಿಂಡಿ ಕೊಡಬೇಡಿ. ಕೋತಿಯೋ ಬೀದಿನಾಯಿಯೋ ಕಚ್ಚಿದರೆ, ಬರೀ ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಕೊಡಿಸಿ. ಊರಿಗೆ ಹೋದ ಮೇಲೆ ನೋಡೋಣ ಅನ್ನುವ ಮಾತೇ ಬೇಡ.

ವಾಪಸ್ ಬಂದ ಮೇಲೂ ಎರಡು ವಾರ ಮಕ್ಕಳ ಮೇಲೆ ಕಣ್ಣಿರಲಿ. ಜ್ವರ ಬಂದರೆ ಡಾಕ್ಟರಿಗೆ ಶ್ರೀಲಂಕಾಕ್ಕೆ ಹೋಗಿದ್ದೆವು ಅಂತ ಮೊದಲೇ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಡೆಂಗ್ಯೂನಲ್ಲಿ ಜ್ವರ ಇಳಿಯುವ ಹೊತ್ತೇ ಹೆಚ್ಚು ಅಪಾಯದ್ದು. ಮೈ ತಣ್ಣಗಾಯಿತು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಗು ಮಂಕಾಗಿ ಮಲಗುವುದು, ಇದರಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.