ಪೈಗೆ ವೈಫೈ ಸಿಗದಿದ್ದರೆ ಮೊದಲು ಚಾರ್ಜರ್ ನೋಡಿ

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಒಂಟಿ ಬೋರ್ಡಿನ ಕಂಪ್ಯೂಟರಿನಲ್ಲಿ ವೈಫೈ ಕೈಕೊಟ್ಟರೆ ಹೆಚ್ಚಿನವರು ಪಾಸ್‌ವರ್ಡನ್ನೇ ಮತ್ತೆ ಮತ್ತೆ ಟೈಪ್ ಮಾಡುತ್ತಾರೆ. ಆಗದಿದ್ದರೆ ಎಸ್‌ಡಿ ಕಾರ್ಡ್ ಅಳಿಸಿ ಓಎಸ್ ಹೊಸದಾಗಿ ಹಾಕುತ್ತಾರೆ. ಎರಡೂ ಕೊನೆಗೆ ಮಾಡಬೇಕಾದ ಕೆಲಸ. ದೋಷ ಬಹಳ ಸಲ ಕರೆಂಟು, ದೇಶದ ಕೋಡ್ ಅಥವಾ ಬ್ಯಾಂಡ್‌ನಲ್ಲಿ (ವೈಫೈ ಬಳಸುವ ರೇಡಿಯೊ ಕಂಪನಾಂಕದ ಪಟ್ಟಿಯಲ್ಲಿ) ಇರುತ್ತದೆ.

ಪರೀಕ್ಷೆ ಮುಗಿಯುವವರೆಗೆ ಮಾನಿಟರ್, ಕೀಬೋರ್ಡ್ ಜೋಡಿಸಿಕೊಳ್ಳಿ. ಇಲ್ಲವೇ ಈಥರ್ನೆಟ್ ಕೇಬಲ್ ಹಾಕಿ ಲಾಗಿನ್ ಆಗಿ. ವೈಫೈ ಮೂಲಕವೇ ಒಳಹೊಕ್ಕು ವೈಫೈ ರಿಪೇರಿ ಮಾಡುವುದೆಂದರೆ ಕೂತ ಕೊಂಬೆಯನ್ನೇ ಕಡಿದಂತೆ.

1. ಕರೆಂಟು ಸಾಲುತ್ತಿದೆಯೇ?

ಪೈ 3ಕ್ಕೆ 2.5 ಆಂಪ್, ಪೈ 4ಕ್ಕೆ 3 ಆಂಪ್, ಪೈ 5ಕ್ಕೆ 5 ಆಂಪ್ ಕೊಡುವ 5.1 ವೋಲ್ಟ್ ಅಡಾಪ್ಟರ್ ಬೇಕು. ಫೋನ್ ಚಾರ್ಜರ್ ಮೇಲೆ ‘33 ವಾಟ್’ ಎಂದು ಬರೆದಿದ್ದರೆ ಮೋಸಹೋಗಬೇಡಿ. ಅಷ್ಟು ವಾಟ್ ಬರುವುದು ಹೆಚ್ಚಿನ ವೋಲ್ಟೇಜಿನಲ್ಲಿ. 5 ವೋಲ್ಟ್‌ಗೆ ಅದು 2 ಅಥವಾ 3 ಆಂಪ್ ಮಾತ್ರ ಕೊಡಬಹುದು. ಚಾರ್ಜರ್ ಮೇಲಿನ ಸಣ್ಣಕ್ಷರದ ಸಾಲಿನಲ್ಲಿ ಇದು ಇರುತ್ತದೆ. ಉದ್ದನೆಯ, ತೆಳು ಕೇಬಲ್ ಕೂಡ ವೋಲ್ಟೇಜ್ ನುಂಗುತ್ತದೆ.

ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ; ಇಲ್ಲಿನ ಆಜ್ಞೆಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ) ‘ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್’ ಕೊಡಿ. 0ಎಕ್ಸ್0 ಬಂದರೆ ಸರಿಯಿದೆ. 0ಎಕ್ಸ್50005 ಬಂದರೆ ಈ ಕ್ಷಣದಲ್ಲೇ ವೋಲ್ಟೇಜ್ ಕಡಿಮೆ ಇದೆ. 0ಎಕ್ಸ್50000 ಬಂದರೆ ಆನ್ ಮಾಡಿದ ಮೇಲೆ ಎಂದೋ ಕುಸಿದಿತ್ತು ಎಂದರ್ಥ. ಇದು ಸರಿಹೋಗುವವರೆಗೆ ಮುಂದಿನ ಹೆಜ್ಜೆಗಳಿಂದ ಪ್ರಯೋಜನವಿಲ್ಲ.

2. ದೇಶದ ಕೋಡ್

ದೇಶ ಯಾವುದೆಂದು ಹೇಳುವವರೆಗೆ ಪೈ ತನ್ನ ರೇಡಿಯೊವನ್ನು ಬಂದ್ ಮಾಡಿಯೇ ಇಡುತ್ತದೆ. ‘ಆರ್‌ಎಫ್‌ಕಿಲ್ ಲಿಸ್ಟ್’ ಕೊಟ್ಟಾಗ ‘ಸಾಫ್ಟ್ ಬ್ಲಾಕ್ಡ್: ಯೆಸ್’ ಎಂದು ಕಂಡರೆ ಇದೇ ಕಾರಣವಿರಬಹುದು. ‘ಸುಡೋ ರಾಸ್ಪಿ-ಕಾನ್ಫಿಗ್’ ತೆರೆದು ಲೋಕಲೈಸೇಶನ್ ಆಪ್ಷನ್ಸ್‌ನಲ್ಲಿ ಡಬ್ಲ್ಯುಲ್ಯಾನ್ ಕಂಟ್ರಿಗೆ ಹೋಗಿ, ಭಾರತಕ್ಕೆ ‘ಐಎನ್’ ಆರಿಸಿ ರೀಬೂಟ್ ಮಾಡಿ. ಅಮೆರಿಕದ ಕೋಡ್ ಉಳಿದಿದ್ದರೆ ಇನ್ನೊಂದು ತಾಪತ್ರಯ: ರೂಟರ್ 12 ಅಥವಾ 13ನೇ ಚಾನೆಲ್‌ನಲ್ಲಿದ್ದಾಗ ಫೋನ್‌ಗೆ ಕಾಣುವ ನೆಟ್‌ವರ್ಕ್ ಪೈಗೆ ಕಾಣುವುದೇ ಇಲ್ಲ.

3. ಬ್ಯಾಂಡ್

ಪೈ 2 ಮತ್ತು ‘ಡಬ್ಲ್ಯು’ ಇಲ್ಲದ ಪೈ ಜೀರೊದಲ್ಲಿ ವೈಫೈ ಚಿಪ್ ಇಲ್ಲ. 2016ರ ಪೈ 3ಬಿ, ಜೀರೊ ಡಬ್ಲ್ಯು, 2021ರ ಜೀರೊ 2 ಡಬ್ಲ್ಯು ಇವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. 5 ಗಿಗಾಹರ್ಟ್ಸ್ ಬಂದದ್ದು 2018ರ 3ಬಿ+ನಿಂದ. ಮನೆಯ ಫೈಬರ್ ರೂಟರ್ ಎರಡೂ ಬ್ಯಾಂಡ್‌ಗೆ ಒಂದೇ ಹೆಸರು ಇಟ್ಟಿದ್ದರೆ 2.4ಕ್ಕೆ ಬೇರೆ ಹೆಸರು ಕೊಟ್ಟು ನೋಡಿ. ಐಫೋನ್ ಹಾಟ್‌ಸ್ಪಾಟ್ ಆದರೆ ‘ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ. ರೂಟರ್‌ನ ಭದ್ರತಾ ವಿಧಾನ ಡಬ್ಲ್ಯುಪಿಎ3 ಮಾತ್ರ ಇದ್ದರೆ ಡಬ್ಲ್ಯುಪಿಎ2ಗೆ ಬದಲಿಸಿ.

4. ಈಗ ಪಾಸ್‌ವರ್ಡ್

ಎಸ್‌ಡಿ ಕಾರ್ಡಿನ ಬೂಟ್ ವಿಭಾಗದಲ್ಲಿ ವೈಫೈ ವಿವರದ ಫೈಲ್ ಇಟ್ಟುಬಿಡುವ ಹಳೆಯ ಉಪಾಯ ಇಂದಿಗೂ ಹಲವು ವಿಡಿಯೊಗಳಲ್ಲಿ ಓಡಾಡುತ್ತಿದೆ. 2023ರ ಅಕ್ಟೋಬರ್‌ನಲ್ಲಿ ಬಂದ, ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯಲ್ಲಿ ಅದು ನಡೆಯುವುದಿಲ್ಲ. ಅಲ್ಲಿಂದ ಮುಂದೆ ಕೆಲಸ ನೆಟ್‌ವರ್ಕ್‌ಮ್ಯಾನೇಜರ್ ಎಂಬ ತಂತ್ರಾಂಶದ್ದು. ‘ಸುಡೋ ಎನ್‌ಎಂಟಿಯುಐ’ ತೆರೆದು ಹಳೆಯ ಸಂಪರ್ಕ ಅಳಿಸಿ, ಹೊಸದಾಗಿ ಸೇರಿಸಿ. ಮಾನಿಟರ್ ಇಲ್ಲದವರು ಕಾರ್ಡಿಗೆ ಓಎಸ್ ಬರೆಯುವಾಗಲೇ, ಅದನ್ನು ಬರೆಯುವ ತಂತ್ರಾಂಶವಾದ ಇಮೇಜರ್‌ನಲ್ಲಿ ವೈಫೈ ಹೆಸರು, ಪಾಸ್‌ವರ್ಡ್, ದೇಶ ಮೂರನ್ನೂ ತುಂಬಿಸಬೇಕು.

5. ಸಿಕ್ಕಿ ಸಿಕ್ಕಿ ಹೋಗುತ್ತಿದ್ದರೆ

‘ಐಡಬ್ಲ್ಯು ಡೆವ್ ಡಬ್ಲ್ಯುಲ್ಯಾನ್0 ಲಿಂಕ್’ ಕೊಟ್ಟು ಸಿಗ್ನಲ್ ಅಂಕಿ ನೋಡಿ. ಮೈನಸ್ 50ರ ಆಸುಪಾಸು ಚೆನ್ನ, ಮೈನಸ್ 70ಕ್ಕಿಂತ ಕೆಳಗಿಳಿದರೆ (ಮೈನಸ್ 75, 80 ಹೀಗೆ) ಕಷ್ಟ. ಆಂಟೆನಾ ಬೋರ್ಡ್ ಮೇಲೆಯೇ ಇರುವುದರಿಂದ ಲೋಹದ ಕೇಸ್ ಸಿಗ್ನಲ್ ತಡೆಯುತ್ತದೆ, ಬಿಚ್ಚಿಟ್ಟು ಹೋಲಿಸಿ. ಯುಎಸ್‌ಬಿ 3 ಹಾರ್ಡ್ ಡಿಸ್ಕ್, ಅದರ ಕೇಬಲ್ 2.4ಕ್ಕೆ ಗದ್ದಲ ಎಬ್ಬಿಸುತ್ತವೆ. ಅವನ್ನು ದೂರ ಸರಿಸಿ.

ಸಿಗ್ನಲ್ ಚೆನ್ನಾಗಿದ್ದೂ ಸುಮ್ಮನೆ ಬಿಟ್ಟಾಗ ಸಂಪರ್ಕ ತಪ್ಪುತ್ತಿದ್ದರೆ ವಿದ್ಯುತ್ ಉಳಿತಾಯದ ವ್ಯವಸ್ಥೆಯ ಮೇಲೆ ಅನುಮಾನಪಡಿ. ‘ಸುಡೋ ಐಡಬ್ಲ್ಯು ಡಬ್ಲ್ಯುಲ್ಯಾನ್0 ಸೆಟ್ ಪವರ್_ಸೇವ್ ಆಫ್’ ಕೊಟ್ಟು ಒಂದು ದಿನ ನೋಡಿ. ರೀಬೂಟ್ ಆದರೆ ಇದು ಅಳಿಸಿಹೋಗುತ್ತದೆ. ಗುಣ ಕಂಡರೆ ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಆ ಸಂಪರ್ಕದ ಪವರ್‌ಸೇವ್ ಬೆಲೆಯನ್ನು 2 ಮಾಡಿ. ಅಲ್ಲಿ 2 ಎಂದರೆ ಆಫ್.

6. ಸಂಪರ್ಕವಿದೆ, ಇಂಟರ್ನೆಟ್ ಇಲ್ಲ

‘ಹೋಸ್ಟ್‌ನೇಮ್ -ಐ’ ಕೊಡಿ, ‘ಐ’ ದೊಡ್ಡಕ್ಷರದ್ದು. ಏನೂ ಬಾರದಿದ್ದರೆ ಅಥವಾ 169.254 ಎಂದು ಶುರುವಾಗುವ ವಿಳಾಸ ಬಂದರೆ ರೂಟರ್ ಪೈಗೆ ಐಪಿ (ನೆಟ್‌ವರ್ಕ್ ವಿಳಾಸ) ಕೊಟ್ಟಿಲ್ಲ. ವಿಳಾಸ ಸರಿಯಿದ್ದರೆ ಮೊದಲು ರೂಟರ್‌ಗೆ, ಆಮೇಲೆ 8.8.8.8ಕ್ಕೆ ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದೆಯೇ ಎಂದು ಕೇಳಿ ನೋಡಿ. ಎರಡಕ್ಕೂ ಉತ್ತರ ಬಂದು ಹೆಸರಿನ ತಾಣ ಮಾತ್ರ ತೆರೆಯದಿದ್ದರೆ ತೊಂದರೆ ಡಿಎನ್‌ಎಸ್‌ನದು, ಅಂದರೆ ತಾಣದ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆಯದು. ಗಡಿಯಾರವನ್ನೂ ನೋಡಿ: ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಸಮಯ ಕಾಯುವ ಚಿಪ್ ಇಲ್ಲ, ತಾರೀಖು ಹಿಂದೆ ಬಿದ್ದರೆ ಸುರಕ್ಷಿತ ತಾಣಗಳು ತೆರೆಯುವುದಿಲ್ಲ.

ಇಷ್ಟಾದರೂ ಬೋರ್ಡಿನ ರೇಡಿಯೊ ಸೋತರೆ ಯುಎಸ್‌ಬಿ ಡಾಂಗಲ್ ಕೊಳ್ಳಿ. ಕೊಳ್ಳುವಾಗ ಬ್ರ್ಯಾಂಡ್‌ಗಿಂತ ಒಳಗಿನ ಚಿಪ್ ಮುಖ್ಯ: ಮೀಡಿಯಾಟೆಕ್‌ನ ಎಂಟಿ7612ಯು ಚಿಪ್‌ನ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಜೋಡಿಸಿದ ಮೇಲೆ ಬೂಟ್ ವಿಭಾಗದ ಕಾನ್ಫಿಗ್ ಫೈಲಿನಲ್ಲಿ ‘ಡಿಟಿಓವರ್‌ಲೇ=ಡಿಸೇಬಲ್-ವೈಫೈ’ ಸಾಲು ಸೇರಿಸಿ ಒಳಗಿನ ರೇಡಿಯೊ ನಿಲ್ಲಿಸಿ.