ಉಪ್ಪಿನಲ್ಲಿ ಸಿನಿಮಾ, ತಾಳದಲ್ಲಿ ಪಾಠ

ಬೆಂಗಳೂರಿನ ಅನಿಮೇಷನ್ ಸ್ಟುಡಿಯೋ ಕೆಲಸ ಬಿಟ್ಟು ಶಿರಸಿಗೆ ವಾಪಸ್ ಬಂದಾಗ ಮನೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಇಲ್ಲಿ ಕಾರ್ಟೂನ್ ಮಾಡಿದರೆ ದುಡ್ಡು ಕೊಡುವವರು ಯಾರು? ಯಾರೂ ಇಲ್ಲ. ಸಂಸಾರ ನಡೆಯುವುದು ಹೊರಗಿನವರಿಗೆ ಮಾಡಿಕೊಡುವ ಕ್ಲೀನಪ್ (ಕಚ್ಚಾ ಚಿತ್ರಗಳ ಗೆರೆ ತಿದ್ದಿ ನೀಟು ಮಾಡುವ) ಕೆಲಸದಿಂದ, ಜೊತೆಗೆ ಮೇಷ್ಟ್ರಿಕೆಯಿಂದ. ಕಿರುಚಿತ್ರ ಇವೆರಡರ ಸಂದಿಯಲ್ಲಿ ಆಗಬೇಕು.

ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು ಎತ್ತಿನ ಗಾಡಿಯಲ್ಲಿ ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತುವ ಕಥೆಯೊಂದು ತಲೆಯಲ್ಲಿತ್ತು. ಕಾಗದ, ಬಣ್ಣ ಬಿಟ್ಟು ಉಪ್ಪಿನಲ್ಲೇ ಮಾಡಿದೆ. ಗಾಜಿನ ಕೆಳಗೆ ಕಪ್ಪು ಬಟ್ಟೆ, ಮೇಲೆ ಕೆಳಮುಖವಾಗಿ ಕ್ಯಾಮೆರಾ. ಕುಟ್ಟಿ ಜರಡಿ ಹಿಡಿದ ಉಪ್ಪನ್ನು ಬ್ರಷ್‌ನಿಂದ ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು. ಸೆಕೆಂಡಿಗೆ 12 ಚಿತ್ರವಾದರೆ ನಾಲ್ಕು ನಿಮಿಷಕ್ಕೆ 2,880. ಹೊಸ ಚಿತ್ರ ಮೂಡುವುದೇ ಹಳೆಯದನ್ನು ಅಳಿಸಿ. ಹಿಂದೆ ಹೋಗಿ ತಿದ್ದುವ ಮಾತೇ ಇಲ್ಲ.

ಉಪ್ಪಿನ ದೊಡ್ಡ ಕಾಟ ಮಿನುಗು. ಬೆಳಕು ಸ್ವಲ್ಪ ಅಲುಗಿದರೂ ಪರದೆಯ ಮೇಲೆ ಇಡೀ ಘಟ್ಟ ಕುದಿಯುತ್ತದೆ. ಹಾಗಾಗಿ ಕಿಟಕಿ ಮುಚ್ಚಿ, ಪಕ್ಕದಿಂದ ಒಂದೇ ಎಲ್‌ಇಡಿ ದೀಪ, ಅದೂ ಇನ್ವರ್ಟರ್ ಮೇಲೆ. ಕ್ಯಾಮೆರಾದ ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರೂ ಮ್ಯಾನುಯಲ್. ನಾನು ಕಪ್ಪಂಗಿ ತೊಟ್ಟೇ ಕೂರುತ್ತಿದ್ದೆ, ಬಿಳಿ ಅಂಗಿಯ ಬೆಳಕೂ ಗಾಜಿಗೆ ಬೀಳುತ್ತದೆ. ಮಳೆ ಹಿಡಿದರೆ ಉಪ್ಪು ನೀರೊಡೆಯುತ್ತದೆ. ಚಿತ್ರೀಕರಣಕ್ಕೆ ಫೆಬ್ರವರಿ, ಮಾರ್ಚ್ ತಿಂಗಳೇ ಸರಿ. ಮಳೆಗಾಲ ಎಡಿಟಿಂಗಿಗೆ, ಸೌಂಡಿಗೆ, ಪಾಠಕ್ಕೆ. ಮುಗಿದ ಚಿತ್ರವನ್ನು ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಷನ್‌ಗೆಂದೇ ಇರುವ ಮುಂಬೈ ಅಂತಾರಾಷ್ಟ್ರೀಯ ಚಿತ್ರೋತ್ಸವಕ್ಕೆ ಕಳಿಸೋಣವೆಂದರೆ ಅದೂ ನಮ್ಮ ಮಾರಿಕಾಂಬಾ ಜಾತ್ರೆಯ ಹಾಗೆ ಎರಡು ವರ್ಷಕ್ಕೊಮ್ಮೆ!

ಹೊನ್ನಾವರ, ಕುಮಟಾ ಕಡೆಯ ಶಾಲೆಗಳಲ್ಲಿ ಕಲಿಸುವಾಗ ನಾನು ಮೊದಲ ದಿನ ಪೆನ್ಸಿಲ್ ಕೊಡುವುದಿಲ್ಲ. ಯಕ್ಷಗಾನ ನೋಡಿ ಬೆಳೆದ ಮಕ್ಕಳು. ಏಕತಾಳಕ್ಕೆ ಚಪ್ಪಾಳೆ ತಟ್ಟಿಸಿ ಹೆಜ್ಜೆ ಹಾಕಿಸುತ್ತೇನೆ. ತಾಳದ ಒಂದೊಂದು ಪೆಟ್ಟಿಗೂ ಅರ್ಧ ಸೆಕೆಂಡ್ ಎಂದಿಟ್ಟುಕೊಂಡರೆ ಆರು ಚಿತ್ರ. ಪಾದ ನೆಲಕ್ಕೆ ತಾಗುವ ಚಿತ್ರ ಪೆಟ್ಟಿನ ಮೇಲೆ ಬೀಳಬೇಕು, ಉಳಿದ ಐದು ಮುಂದಿನ ಪೆಟ್ಟಿನೊಳಗೆ ಹೊಂದಬೇಕು. ಯಾವ ಚಿತ್ರ ಯಾವಾಗ ಬರಬೇಕೆಂದು ಗೆರೆ ಹಾಕಿ ತೋರಿಸುವ ಪುಸ್ತಕದ ಟೈಮಿಂಗ್ ಚಾರ್ಟಿಗಿಂತ ಇದು ಬೇಗ ತಲೆಗೆ ಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಮ್ಮೆ ಏಳನೇ ಕ್ಲಾಸಿನ ಹುಡುಗಿ ಗೆಳತಿ ಮಾಡಿದ ಎತ್ತನ್ನು ನೋಡಿ, "ಸರ್, ಇದು ನಡೀತಾ ಇಲ್ಲ, ಜಾರ್ತಾ ಇದೆ" ಅಂದಳು. ಸರಿಯಾಗೇ ಹಿಡಿದಳು. ಊರಿದ ಕಾಲು ಊರಿದಲ್ಲೇ ಇರಬೇಕು, ಮೈ ಅದರ ಮೇಲೆ ದಾಟಿ ಮುಂದೆ ಹೋಗಬೇಕು. ಭಾರ ಕಾಣುವುದು ಹಾಗೆ. ಇಬ್ಬರೂ ಸೇರಿ ಕಾಲಿದ್ದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಕೊಂಡು ಮತ್ತೆ ಫೋಟೋ ತೆಗೆದರು.

ಕ್ಯಾಮೆರಾ ಬೇಕೇಬೇಕೆಂದಿಲ್ಲ, ಮೊಬೈಲ್ ಸಾಕು. ಎರಡು ಸ್ಟೂಲಿನ ನಡುವೆ ಹಲಗೆ ಹಾಯಿಸಿ, ಲೆನ್ಸು ಹೊರಗಿಣುಕುವಂತೆ ಫೋನನ್ನು ಅಂಚಿಗೆ ಟೇಪ್ ಹಾಕಿ ಕೂರಿಸಿ. ಶುರುವಿಗೆ ಮುಂಚೆ ಏರೋಪ್ಲೇನ್ ಮೋಡ್‌ಗೆ ಹಾಕಿ. ಮಧ್ಯೆ ಫೋನ್ ಬಂದು ಅದು ನಡುಗಿದರೆ ಫ್ರೇಮೇ ಸರಿದುಹೋಗುತ್ತದೆ.