ಹವ್ಯಾಸಿ ಲೀಗ್‌ನಿಂದ ದೊಡ್ಡ ಪಂದ್ಯಕ್ಕೆ: ಬ್ಯಾಸ್ಕೆಟ್‌ಬಾಲ್ ರೆಫರಿ ಮೇಲೇರುವುದು ಹೇಗೆ?

ಹವ್ಯಾಸಿ ಲೀಗ್‌ಗಳಲ್ಲಿ ಚೆನ್ನಾಗಿ ವಿಸಿಲ್ ಊದುವವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಆಟ ಗೊತ್ತು, ನಿಯಮ ಗೊತ್ತು, ಜಗಳಕ್ಕೆ ಬಂದವರನ್ನು ಸಮಾಧಾನ ಮಾಡುವುದೂ ಗೊತ್ತು. ಅಂಥವರೇ ಒಂದು ಮೆಟ್ಟಿಲು ಮೇಲಿನ ಪಂದ್ಯಕ್ಕೆ ಹೋದಾಗ ಮೊದಲ ಕ್ವಾರ್ಟರ್‌ನಲ್ಲೇ ತಡಬಡಾಯಿಸುತ್ತಾರೆ. ಅವರನ್ನು ಅಳೆಯಲು ಕೂತ ಹಿರಿಯ ರೆಫರಿಗೆ ಕಾರಣ ತಕ್ಷಣ ಗೊತ್ತಾಗುತ್ತದೆ. ಹತ್ತರಲ್ಲಿ ಎಂಟು ಸಲ ಅದು ಒಂದೇ: ರೆಫರಿಯ ಕಣ್ಣು ಚೆಂಡಿನ ಹಿಂದೆಯೇ ಓಡುತ್ತಿರುತ್ತದೆ. ಹಾಗಾಗಿ ಕೆಳಗಿನ ಮೂರನೇ ಹಂತಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವು ಅಷ್ಟು ಕಷ್ಟವಲ್ಲ.

ಹಂತ 1: ನಿಯಮ ಮತ್ತೆ ಓದಿ, ಮೊದಲಿನಿಂದ

ಹವ್ಯಾಸಿ ಲೀಗ್‌ನಲ್ಲಿ ಅಲ್ಲಲ್ಲಿನ ಅನುಕೂಲಕ್ಕೆ ತಕ್ಕ ನಿಯಮ ಇರುತ್ತವೆ. ಗಡಿಯಾರ ನಿಲ್ಲಿಸುವುದಿಲ್ಲ, ಶಾಟ್ ಕ್ಲಾಕ್ (ಒಂದು ದಾಳಿಯ ಸಮಯ ಎಣಿಸುವ ಗಡಿಯಾರ) ಇರುವುದಿಲ್ಲ. ಮೇಲಕ್ಕೆ ಹೋದ ಮೇಲೆ ಅದೆಲ್ಲ ನಡೆಯದು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾದ ನಿಯಮದ ಪ್ರಕಾರ 10 ನಿಮಿಷದ ನಾಲ್ಕು ಕ್ವಾರ್ಟರ್, ಒಂದು ದಾಳಿಗೆ 24 ಸೆಕೆಂಡು. ಶಾಟ್ ರಿಂಗ್‌ಗೆ ತಾಗಿ ಅದೇ ತಂಡಕ್ಕೆ ಚೆಂಡು ಮರಳಿದರೆ 14 ಸೆಕೆಂಡು. ನಿಯಮ ಪುಸ್ತಕ ಫೀಬಾದ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದರ ಜೊತೆ ‘ಅಧಿಕೃತ ವ್ಯಾಖ್ಯಾನಗಳು’ ಅಂತ ಇನ್ನೊಂದು ಕಡತವಿದೆ. ನನ್ನನ್ನು ಕೇಳಿದರೆ ಅದನ್ನೇ ಮೊದಲು ಓದಿ. ‘ಎ4 ಶಾಟ್ ಮಾಡುವಾಗ ಬಿ4 ಹೀಗೆ ಮಾಡಿದರೆ ಏನು’ ಅಂತ, ಎ ತಂಡದ ಒಬ್ಬ, ಬಿ ತಂಡದ ಒಬ್ಬನನ್ನು ಇಟ್ಟುಕೊಂಡು, ಉದಾಹರಣೆ ಸಮೇತ ಬಿಡಿಸಿ ಹೇಳಿದ್ದಾರೆ.

‘ಹತ್ತು ನಿಮಿಷದಲ್ಲಿ ಬ್ಯಾಸ್ಕೆಟ್‌ಬಾಲ್ ನಿಯಮ’ ಅನ್ನುವ ವಿಡಿಯೊಗಳ ಸಹವಾಸ ಬೇಡ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ನಿಯಮ, ಫೀಬಾ ನಿಯಮ ಎರಡನ್ನೂ ಕಲಸಿ ಇಟ್ಟಿರುತ್ತಾರೆ. ಎನ್‌ಬಿಎಯಲ್ಲಿ ಆಟಗಾರ ಹೊರಹೋಗುವುದು ಆರನೇ ಫೌಲ್‌ಗೆ, ಫೀಬಾದಲ್ಲಿ ಐದನೆಯದಕ್ಕೆ. ರಕ್ಷಣೆಯವರು ಯಾರನ್ನೂ ತಡೆಯದೆ ರಿಂಗ್ ಮುಂದಿನ ಜಾಗದಲ್ಲಿ ನಿಲ್ಲುವುದಕ್ಕೆ ಮೂರು ಸೆಕೆಂಡಿನ ಮಿತಿ ಎನ್‌ಬಿಎಯಲ್ಲಿದೆ, ಫೀಬಾದಲ್ಲಿ ಇಲ್ಲ.

ಟ್ರಾವೆಲಿಂಗ್ (ಚೆಂಡು ಹಿಡಿದು ಮಿತಿ ಮೀರಿ ಹೆಜ್ಜೆ ಹಾಕುವುದು) ನಿಯಮವನ್ನಂತೂ ಎರಡು ಸಲ ಓದಿ. ಓಡುತ್ತಾ ಚೆಂಡು ಹಿಡಿಯುವ ಆಟಗಾರನಿಗೆ ಹಿಡಿಯುವ ಕ್ಷಣದ ಹೆಜ್ಜೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಅನ್ನುವುದು ಫೀಬಾದಲ್ಲಿ 2017ರಿಂದ ಇದೆ. ಆ ಶೂನ್ಯ ಹೆಜ್ಜೆಗೂ ವಿಸಿಲ್ ಹಾಕುವವರು ಈಗಲೂ ಇದ್ದಾರೆ.

ಹಂತ 2: ವಿಸಿಲ್, ಶೂ

ಒಳಗೆ ಗುಂಡು ಇರುವ ವಿಸಿಲ್ ಬೇಡವೇ ಬೇಡ. ಜೋರಾಗಿ ಊದಿದರೆ, ಎಂಜಲು ಸೇರಿದರೆ ಗುಂಡು ಸಿಕ್ಕಿಕೊಳ್ಳುತ್ತದೆ. ಕೆನಡಾದ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ಅವರಿಗೆ ದೊಡ್ಡ ಪಂದ್ಯವೊಂದರಲ್ಲಿ ಹೀಗೇ ಆಗಿ, ಅದೇ ಸಿಟ್ಟಿಗೆ ಗುಂಡಿಲ್ಲದ ವಿಸಿಲ್ ಮಾಡಿಸಿದರು. 1987ರಲ್ಲಿ ಬಂದ ಆ ಫಾಕ್ಸ್ 40 ಇವತ್ತಿಗೂ ಸಾಕು. ಟೂರ್ನಿಗಳಲ್ಲಿ ಹೆಸರು ಅಚ್ಚು ಹಾಕಿ ಹಂಚುವ ಪ್ಲಾಸ್ಟಿಕ್ ವಿಸಿಲ್‌ಗಳನ್ನು ಮಕ್ಕಳಿಗೆ ಕೊಟ್ಟುಬಿಡಿ.

ಶೂ ಕಪ್ಪು ಇರಬೇಕು. ಆದರೆ ದಪ್ಪ ಮೆತ್ತನೆ ಸೋಲ್‌ನ ಓಟದ ಶೂ ತೊಗೊಳ್ಳಬೇಡಿ. ಅವು ನೇರ ಓಡುವುದಕ್ಕೆ ಮಾಡಿದ್ದು. ನೀವು ದಿನವಿಡೀ ಅಡ್ಡಡ್ಡ ಹೆಜ್ಜೆ ಹಾಕುವವರು, ಪಾದ ಉಳುಕುತ್ತದೆ.

ಹಂತ 3: ಕಣ್ಣನ್ನು ಚೆಂಡಿನಿಂದ ಕೀಳುವುದು

ಜನ ಎಡವುವುದು ಇಲ್ಲೇ. ವರ್ಷಗಟ್ಟಲೆ ಆಟ ಆಡಿದ್ದೇವೆ, ವರ್ಷಗಟ್ಟಲೆ ಆಟ ನೋಡಿದ್ದೇವೆ. ಅಷ್ಟೂ ಹೊತ್ತು ನೋಡಿದ್ದು ಚೆಂಡನ್ನು. ಆ ಅಭ್ಯಾಸ ವಿಸಿಲ್ ಕೈಗೆ ಬಂದ ಮಾತ್ರಕ್ಕೆ ಹೋಗುವುದಿಲ್ಲ.

ಇಬ್ಬರು ರೆಫರಿ ಇರುವ ಪಂದ್ಯ ತೊಗೊಳ್ಳಿ. ರಿಂಗ್ ಹಿಂದಿನ ಗೆರೆಯಲ್ಲಿ, ಅಂದರೆ ಬೇಸ್‌ಲೈನ್‌ನಲ್ಲಿ, ಇರುವವರು ಲೀಡ್, ಹಿಂದೆ ಇರುವವರು ಟ್ರೇಲ್. ಚೆಂಡು ಟ್ರೇಲ್‌ನ ಕಡೆ ಇದ್ದಾಗ ಲೀಡ್ ಅದನ್ನು ನೋಡುವ ಅಗತ್ಯವೇ ಇಲ್ಲ. ರಿಂಗ್ ಹತ್ತಿರ ಇಬ್ಬರು ಎತ್ತರದ ಆಟಗಾರರು ಜಾಗಕ್ಕೆ ತಳ್ಳಾಡುತ್ತಿರುತ್ತಾರೆ. ಒಬ್ಬ ಸ್ಕ್ರೀನ್ ಹಾಕುವ (ಎದುರಾಳಿಯ ದಾರಿಗೆ ಅಡ್ಡ ನಿಲ್ಲುವ) ನೆಪದಲ್ಲಿ ಸೊಂಟ ಹೊರಗೆ ಹಾಕುತ್ತಾನೆ. ಇನ್ನೊಬ್ಬ ಎದುರಾಳಿಯ ಅಂಗಿ ಹಿಡಿದಿರುತ್ತಾನೆ. ಇದನ್ನೆಲ್ಲ ನೋಡಲು ಇರುವವರು ನೀವೊಬ್ಬರೇ. ಹವ್ಯಾಸಿ ಲೀಗ್‌ನಲ್ಲಿ ಇದು ತಪ್ಪಿಹೋದರೂ ನಡೆದುಬಿಡುತ್ತದೆ. ಮೇಲಿನ ಮಟ್ಟದಲ್ಲಿ ಹಾಗೆ ಬಿಟ್ಟರೆ ಎರಡನೇ ಕ್ವಾರ್ಟರ್ ಹೊತ್ತಿಗೆ ಮೊಣಕೈ ಎದ್ದಿರುತ್ತದೆ.

ಲೀಡ್ ಆಗಿದ್ದಾಗ ನಿಮ್ಮನ್ನೇ ಪರೀಕ್ಷಿಸಿಕೊಳ್ಳುವ ಒಂದು ಸುಲಭ ದಾರಿ ಇದೆ. ದೂರದಿಂದ ಒಂದು ಶಾಟ್ ಹೋಯಿತು ಅನ್ನಿ. ಚೆಂಡು ರಿಂಗ್ ಒಳಗೆ ಬಿತ್ತಾ, ಇಲ್ವಾ? ಉತ್ತರ ಥಟ್ಟನೆ ಗೊತ್ತಿದ್ದರೆ ನೀವು ತಪ್ಪು ಕಡೆ ನೋಡುತ್ತಿದ್ದಿರಿ. ಚೆಂಡಿನ ಹಾರಾಟ ಟ್ರೇಲ್ ನೋಡಿಕೊಳ್ಳುತ್ತಾರೆ. ನೀವು ನೋಡಬೇಕಿದ್ದದ್ದು ರೀಬೌಂಡ್‌ಗೆ, ಅಂದರೆ ಒಳಗೆ ಬೀಳದೆ ಮರಳುವ ಚೆಂಡಿಗೆ, ನುಗ್ಗುವವರ ಕೈ, ಬೆನ್ನು.

ಚೆಂಡು ನಿಮ್ಮ ಪಾಲಿನ ಜಾಗಕ್ಕೇ ಬಂದಾಗಲೂ ಚೆಂಡು ಹಿಡಿದವನನ್ನಲ್ಲ, ತಡೆಯುವವನನ್ನು ನೋಡಿ. ಬಲಗಡೆಯಿಂದ ಒಬ್ಬ ಡ್ರಿಬಲ್ ಮಾಡುತ್ತಾ ರಿಂಗ್ ಕಡೆ ನುಗ್ಗುತ್ತಾನೆ. ಎದುರಿಗೆ ಒಬ್ಬ ಬಂದು ನಿಲ್ಲುತ್ತಾನೆ. ಧಡ್ ಅಂತ ಡಿಕ್ಕಿ, ಇಬ್ಬರೂ ನೆಲದ ಮೇಲೆ. ಬ್ಲಾಕಾ, ಚಾರ್ಜಾ? ಅಂದರೆ ತಪ್ಪು ತಡೆದವನದಾ, ನುಗ್ಗಿದವನದಾ? ನುಗ್ಗುವವನನ್ನು ನೋಡುತ್ತಿದ್ದವರಿಗೆ ಕಾಣುವುದು ಡಿಕ್ಕಿ ಮಾತ್ರ. ಆಮೇಲೆ ಯಾರು ಜೋರಾಗಿ ಬಿದ್ದರು ಅಂತ ನೋಡಿ ಊಹೆ ಮಾಡುತ್ತಾರೆ. ತಡೆಯುವವನನ್ನು ನೋಡುತ್ತಿದ್ದವರಿಗೆ ಮೂರು ವಿಷಯ ಮೊದಲೇ ಕಂಡಿರುತ್ತದೆ. ಅವನು ಎದುರಾಳಿಗೆ ಮುಖ ಮಾಡಿ, ಎರಡೂ ಪಾದ ನೆಲಕ್ಕಿಟ್ಟು ಜಾಗ ಹಿಡಿದನಾ? ಎದುರಾಳಿ ನೆಗೆಯುವುದಕ್ಕೆ ಮುಂಚೆ ಹಿಡಿದನಾ? ತಾಗಿದ್ದು ಅವನ ಎದೆಗಾ, ಅಥವಾ ಪಕ್ಕಕ್ಕೆ ಚಾಚಿದ ತೊಡೆಗಾ?

‘ಅವನು ಅಲುಗಾಡುತ್ತಿದ್ದ, ಅದಕ್ಕೇ ಬ್ಲಾಕ್ ಕೊಟ್ಟೆ’ ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇದು ಶುದ್ಧ ತಪ್ಪು. ಒಮ್ಮೆ ಸರಿಯಾಗಿ ಜಾಗ ಹಿಡಿದ ಮೇಲೆ ತಡೆಯುವವನು ಪಕ್ಕಕ್ಕೆ ಸರಿಯಬಹುದು, ಹಿಂದಕ್ಕೆ ಸರಿಯಬಹುದು, ನೇರ ಮೇಲಕ್ಕೆ ನೆಗೆಯಬಹುದು. ಕಂಬದ ಹಾಗೆ ನಿಲ್ಲಬೇಕು ಅಂತ ಎಲ್ಲೂ ಬರೆದಿಲ್ಲ. ಎದುರಾಳಿಯ ಕೈಯಲ್ಲಿ ಚೆಂಡಿದ್ದರೆ ಸಮಯ, ದೂರದ ಲೆಕ್ಕವೂ ಇಲ್ಲ; ಚೆಂಡು ಹಿಡಿದವನು ಯಾವ ಕ್ಷಣದಲ್ಲಾದರೂ ಎದುರಿಗೆ ಯಾರಾದರೂ ಬರಬಹುದು ಅಂತ ತಿಳಿದೇ ಓಡಬೇಕು. ಚೆಂಡಿಲ್ಲದವನ ದಾರಿಗೆ ಅಡ್ಡ ಬರುವಾಗ ಮಾತ್ರ ಅವನಿಗೆ ನಿಲ್ಲಲು, ದಿಕ್ಕು ಬದಲಿಸಲು ಜಾಗ ಬಿಡಬೇಕು, ಒಂದರಿಂದ ಎರಡು ಹೆಜ್ಜೆ. ರಿಂಗ್ ಕೆಳಗಿನ 1.25 ಮೀಟರ್ ತ್ರಿಜ್ಯದ ಅರ್ಧವೃತ್ತವನ್ನೂ ಮರೆಯಬೇಡಿ. ಚೆಂಡಿನ ಸಮೇತ ಗಾಳಿಯಲ್ಲಿರುವವನು ಅದರೊಳಗೆ ನಿಂತವನಿಗೆ ಡಿಕ್ಕಿ ಹೊಡೆದರೆ ಚಾರ್ಜ್ ಕೊಡುವಂತಿಲ್ಲ. ಕೈ, ಕಾಲು, ಮೈಯನ್ನು ನಿಯಮ ಮೀರಿ ಬಳಸಿ ತಳ್ಳಿದ್ದರೆ ಮಾತು ಬೇರೆ.

ಕೈ ನೇರ ಮೇಲೆತ್ತಿ ನಿಂತವನ ಮೈಮೇಲೆ ಶಾಟ್ ಹೊಡೆಯುವವನೇ ಬಂದು ಬಿದ್ದರೆ ತಡೆಯುವವನದು ಫೌಲ್ ಅಲ್ಲ. ಎಷ್ಟೇ ಸದ್ದಾಗಲಿ, ಬೆಂಚಿನಿಂದ ಎಷ್ಟೇ ಕೂಗು ಬರಲಿ.

ಇಷ್ಟೆಲ್ಲ ಕಾಣಬೇಕಾದರೆ ನಿಲ್ಲುವ ಜಾಗ ಸರಿ ಇರಬೇಕು. ಹತ್ತಿರ ಹೋದಷ್ಟೂ ಚೆನ್ನಾಗಿ ಕಾಣುತ್ತದೆ ಅನ್ನುವುದು ಭ್ರಮೆ. ತೀರಾ ಹತ್ತಿರ ಇದ್ದರೆ ಎಲ್ಲವೂ ವೇಗವಾಗಿ ಕಾಣುತ್ತದೆ, ಇಡೀ ಚಿತ್ರ ಸಿಗುವುದಿಲ್ಲ. ಸ್ವಲ್ಪ ದೂರ ನಿಲ್ಲಿ. ಇಬ್ಬರು ಆಟಗಾರರ ನಡುವಿನ ಸಂದು ಕಾಣುವ ಕೋನ ಹುಡುಕಿ. ಒಬ್ಬನ ಬೆನ್ನು ಮಾತ್ರ ಕಾಣುತ್ತಿದೆ ಅಂದರೆ ನೀವು ಅವರ ನೇರಕ್ಕೆ ಸಿಕ್ಕಿಕೊಂಡಿದ್ದೀರಿ. ಹತ್ತು ಹೆಜ್ಜೆ ಓಡಬೇಕಿಲ್ಲ. ಒಂದೇ ಹೆಜ್ಜೆ ಪಕ್ಕಕ್ಕೆ ಸರಿದರೆ ಸಂದು ತೆರೆದುಕೊಳ್ಳುತ್ತದೆ. ಆಮೇಲೆ ನಿಲ್ಲಿ. ಓಡುತ್ತಾ ನೋಡಿದರೆ ಕಣ್ಣೂ ಕುಣಿಯುತ್ತದೆ.

ವಿಸಿಲ್‌ಗೆ ಅವಸರ ಮಾಡಬೇಡಿ. ಆ ಒಂದು ನಡೆ ಶುರುವಾಗಿದ್ದು, ಬೆಳೆದಿದ್ದು, ಮುಗಿದಿದ್ದು, ಮೂರನ್ನೂ ನೋಡಿ ಊದಿ. ಅರ್ಧ ಸೆಕೆಂಡು ತಡವಾದರೆ ಯಾರೂ ಬೈಯುವುದಿಲ್ಲ. ಶುರು ನೋಡದೆ ಕೊನೆಗೆ ಊದಿದವರು ಮಾತ್ರ ಸಿಕ್ಕಿಬೀಳುತ್ತಾರೆ.

ಅಭ್ಯಾಸಕ್ಕೆ ಮನೆಯಲ್ಲಿ ಯಾವುದಾದರೂ ಪೂರ್ತಿ ಪಂದ್ಯದ ವಿಡಿಯೊ ಹಾಕಿ. ಒಂದು ಕ್ವಾರ್ಟರ್ ಪೂರ್ತಿ ತಡೆಯುವವರನ್ನು ಮಾತ್ರ ನೋಡಿ. ಮೊದಲು ತಲೆ ಚಿಟ್ಟು ಹಿಡಿಯುತ್ತದೆ, ಸ್ಕೋರ್ ಎಷ್ಟು ಅಂತಲೂ ಗೊತ್ತಾಗುವುದಿಲ್ಲ. ಹಾಗೆ ಆಗುತ್ತಿದೆ ಅಂದರೆ ಸರಿಯಾಗೇ ಮಾಡುತ್ತಿದ್ದೀರಿ.

ಹಂತ 4: ಸಿಗ್ನಲ್

ಫೌಲ್‌ಗೆ ಮುಷ್ಟಿ, ಉಳಿದ ನಿಯಮಭಂಗಕ್ಕೆ ತೆರೆದ ಅಂಗೈ. ಸ್ಕೋರ್ ಬರೆಯುವವರ ಟೇಬಲ್‌ಗೆ ವರದಿ ಮಾಡುವಾಗ ನಿಂತು ಮಾಡಿ, ನಡೆಯುತ್ತಾ ಅಲ್ಲ. 23ನೇ ನಂಬರ್ ಆದರೆ ಮೊದಲು ಕೈಯ ಹಿಂಬದಿ ತೋರಿಸಿ ಎರಡು, ಆಮೇಲೆ ಅಂಗೈ ತೋರಿಸಿ ಮೂರು. ಕನ್ನಡಿ ಮುಂದೆ ನಿಂತು ಮಾಡಿದರೆ ಒಂದು ವಾರದ ಕೆಲಸ. ಟಿವಿಯಲ್ಲಿ ನೋಡಿದ ನಾಟಕೀಯ ಸಿಗ್ನಲ್‌ಗಳನ್ನು ಟಿವಿಗೇ ಬಿಡಿ.

ಹಂತ 5: ಓಟ

ಬೀಪ್ ಟೆಸ್ಟ್ ಬಂದೇ ಬರುತ್ತದೆ. 20 ಮೀಟರ್ ಅಂತರದಲ್ಲಿ ಬೀಪ್ ಸದ್ದಿಗೆ ಸರಿಯಾಗಿ ಆಚೆ ಈಚೆ ಓಟ, ಸದ್ದು ಬೇಗ ಬೇಗ ಆಗುತ್ತಾ ಹೋಗುತ್ತದೆ. ಟ್ರೆಡ್‌ಮಿಲ್ ಮೇಲೆ ಓಡಿ ಇದಕ್ಕೆ ತಯಾರಾಗಲು ಆಗುವುದಿಲ್ಲ. ಕಷ್ಟ ಇರುವುದು ತಿರುಗುವುದರಲ್ಲಿ.

ಹಂತ 6: ಮೂವರ ತಂಡ

ಮೇಲಿನ ಮಟ್ಟದಲ್ಲಿ ಮೂವರು ರೆಫರಿ. ಲೀಡ್, ಟ್ರೇಲ್ ಜೊತೆಗೆ ಎದುರು ಬದಿಯಲ್ಲಿ ಸೆಂಟರ್. ಚೆಂಡು ಆ ಬದಿಗೆ ಹೋದಾಗ ಲೀಡ್ ಬೇಸ್‌ಲೈನ್ ಗುಂಟ ಅಲ್ಲಿಗೆ ದಾಟುತ್ತಾರೆ. ಆಗ ಸೆಂಟರ್ ಇದ್ದವರು ಟ್ರೇಲ್ ಆಗುತ್ತಾರೆ, ಟ್ರೇಲ್ ಇದ್ದವರು ಸೆಂಟರ್. ಬದಲಾವಣೆ ಶುರು ಮಾಡುವುದು ಯಾವಾಗಲೂ ಲೀಡ್. ಹೊಸಬರು ಇದನ್ನು ಗಮನಿಸದೆ ಇಬ್ಬರೂ ಟ್ರೇಲ್ ಆಗಿ ನಿಂತಿರುತ್ತಾರೆ. ಸೆಂಟರ್ ಜಾಗದಲ್ಲಿ ಕೆಲಸ ಕಡಿಮೆ ಅಂತ ಸುಮ್ನೆ ನಿಲ್ಲಬೇಡಿ. ಎದುರು ಬದಿಯ ರೀಬೌಂಡ್ ತಳ್ಳಾಟ ನಿಮಗಷ್ಟೇ ಕಾಣುತ್ತದೆ.

ಹಂತ 7: ನೋಡುವವರ ಕಣ್ಣಿಗೆ ಬೀಳುವುದು

ಒಳ್ಳೆಯ ರೆಫರಿ ಆದರೆ ಯಾರಾದರೂ ಬಂದು ಕರೆಯುತ್ತಾರೆ ಅಂತ ಕಾಯಬೇಡಿ. ನಿಮ್ಮ ಸಂಘದ ಲಿಖಿತ ಪರೀಕ್ಷೆ ಕಟ್ಟಿ, ರೆಫರಿ ತರಬೇತಿಯ ಕ್ಲಿನಿಕ್‌ಗೆ ಹೋಗಿ, ಕ್ಯಾಂಪ್‌ಗೆ ಹೋಗಿ. ಫೀಬಾ ಲೈಸೆನ್ಸ್ ಮಾತು ಆಮೇಲೆ. ಅದಕ್ಕೆ ನೀವೇ ಅರ್ಜಿ ಹಾಕುವಂತಿಲ್ಲ, ರಾಷ್ಟ್ರೀಯ ಫೆಡರೇಷನ್ ಹೆಸರು ಕಳಿಸಬೇಕು.

ಕ್ಯಾಂಪ್‌ನಲ್ಲಿ ಹಾಳಾಗುವುದು ಬಾಯಿಯಿಂದ. ಹಿರಿಯರು ‘ಆ ಫೌಲ್ ನಿನ್ನ ಜಾಗದ್ದಲ್ಲ’ ಅಂದ ತಕ್ಷಣ ‘ಇಲ್ಲ ಸರ್, ಏನಾಯ್ತು ಅಂದ್ರೆ…’ ಅಂತ ಶುರು ಮಾಡುತ್ತಾರೆ. ‘ಸರಿ ಸರ್’ ಅಂದು ಮುಂದಿನ ಪಂದ್ಯದಲ್ಲಿ ಅದನ್ನು ತಿದ್ದಿ ತೋರಿಸಿ. ಅವರು ಅಳೆಯುವುದು ಅದನ್ನೇ. ಇಬ್ಬರು ಹಿರಿಯರು ಒಂದಕ್ಕೊಂದು ವಿರುದ್ಧ ಹೇಳಿದರೆ? ಆ ದಿನ ಯಾರು ನೋಡುತ್ತಿದ್ದಾರೋ ಅವರು ಹೇಳಿದಂತೆ ಮಾಡಿ. ಯಾರದು ಸರಿ ಅಂತ ಮನೆಗೆ ಹೋಗಿ ನಿಯಮ ಪುಸ್ತಕ ತೆಗೆದು ನೋಡಿಕೊಳ್ಳಿ.

ನಿಮ್ಮ ಪಂದ್ಯದ ವಿಡಿಯೊ ಮಾಡಿಸಿ. ಗೆಳೆಯನ ಕೈಗೆ ಫೋನ್ ಕೊಟ್ಟರೆ ಅವನೂ ಚೆಂಡನ್ನೇ ಹಿಂಬಾಲಿಸುತ್ತಾನೆ, ಅದರಲ್ಲಿ ನೀವು ಇರುವುದೇ ಇಲ್ಲ. ಮಧ್ಯರೇಖೆಯ ನೇರಕ್ಕೆ, ಎತ್ತರದಲ್ಲಿ, ಅರ್ಧ ಅಂಕಣ ಪೂರ್ತಿ ಕಾಣುವಂತೆ ಸ್ಟ್ಯಾಂಡ್ ಮೇಲೆ ಇಟ್ಟುಬಿಡಿ. ಆಟ ಬದಿ ಬದಲಿಸಿದಾಗ ತಿರುಗಿಸಲು ಮಾತ್ರ ಯಾರಾದರೂ ಇದ್ದರೆ ಸಾಕು. ಹಿರಿಯರಿಗೆ ಕಳಿಸುವಾಗ ಒಳ್ಳೆಯ ತೀರ್ಪುಗಳನ್ನಷ್ಟೇ ಆರಿಸಿ ಕತ್ತರಿಸಬೇಡಿ. ಒಂದು ಕ್ವಾರ್ಟರ್ ಪೂರ್ತಿ ಕಳಿಸಿ.

ಹಂತ 8: ಕೋಚ್‌ಗಳ ಜೊತೆ

ಪ್ರಶ್ನೆಗೆ ಉತ್ತರ ಕೊಡಿ, ಟೀಕೆಗೆ ಬೇಡ. ‘ಯಾಕೆ ಅದು ಬ್ಲಾಕ್?’ ಅಂದರೆ ‘ಅವನು ನೆಗೆದ ಮೇಲೆ ಇವನು ಬಂದ’ ಅಂತ ಒಂದೇ ವಾಕ್ಯ. ಉದ್ದ ವಿವರಣೆ ಕೊಟ್ಟಷ್ಟೂ ಜಗಳ ಉದ್ದವಾಗುತ್ತದೆ. ಕಾಣದಿದ್ದರೆ ‘ಆ ಕೋನದಿಂದ ನನಗೆ ಕಾಣಲಿಲ್ಲ ಕೋಚ್’ ಅನ್ನಿ, ಬಹುತೇಕ ಕೋಚ್‌ಗಳು ಅದನ್ನು ಒಪ್ಪುತ್ತಾರೆ. ಜೊತೆಯವರ ತೀರ್ಪಿನ ಬಗ್ಗೆ ಮಾತ್ರ ಬಾಯಿ ಬಿಡಬೇಡಿ, ಮುಖದಲ್ಲೂ ಏನೂ ತೋರಿಸಬೇಡಿ.

ಮೊದಲ ದೊಡ್ಡ ಪಂದ್ಯ ಬಂದಾಗ

ರೆಫರಿಗಳು ಪಂದ್ಯಕ್ಕೆ 20 ನಿಮಿಷ ಮುಂಚೆ ಅಂಕಣದ ಮೇಲಿರಬೇಕು. ಅದಕ್ಕೂ ಮುಂಚೆ ಮೂವರೂ ಕೂತು ಮಾತಾಡಿ. ಕ್ವಾರ್ಟರ್‌ನ ಕೊನೆಯ ಶಾಟ್ ಯಾರದು, ಎರಡು ವಿಸಿಲ್ ಒಟ್ಟಿಗೆ ಬಂದರೆ ಯಾರು ಬಿಟ್ಟುಕೊಡಬೇಕು, ಶಾಟ್ ಕ್ಲಾಕ್ ಮೇಲೆ ಕಣ್ಣು ಯಾರದು, ಇಷ್ಟನ್ನು ಮೊದಲೇ ಹಂಚಿಕೊಳ್ಳಿ. ಹೊಸಬರು ಅಂತ ಸಂಕೋಚ ಬೇಡ. ಗೊತ್ತಿಲ್ಲದ್ದನ್ನು ಅಲ್ಲೇ ಕ್ರೂ ಚೀಫ್‌ಗೆ (ಮೂವರಲ್ಲಿ ಮುಖ್ಯ ರೆಫರಿಗೆ) ಕೇಳಿ. ಪಂದ್ಯ ಮುಗಿದು ಕ್ರೂ ಚೀಫ್ ಸ್ಕೋರ್‌ಶೀಟ್‌ಗೆ ಸಹಿ ಹಾಕುವ ತನಕ ಯಾರ ಜೊತೆಗೂ ಹರಟೆಗೆ ನಿಲ್ಲಬೇಡಿ, ಆ ಕೊನೆಯ ಫೌಲ್ ಬಗ್ಗೆ ಕೇಳುವವರ ಜೊತೆಯಂತೂ ಬೇಡವೇ ಬೇಡ.